ನಂದಗಡದಲ್ಲಿ ಒಂದು ಕ್ಯಾಸೆಟ್ಟಿನ ಶೋಧ

ಬೆಳಗಾವಿಯಿಂದ ಹೊರಟವರು ಮಲಪ್ರಭೆಯ ದಡದ ಖಾನಾಪುರವನ್ನು ಹಿಂದಿಕ್ಕಿ, ಕದಂಬರ ಹಲಸಿಯ ಕಡೆಗೆ ತಿರುಗಿದರೆ ನಂದಗಡ ಎದುರಾಗುತ್ತದೆ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ ನೆಲವಿದು. ಆತನ ಸಮಾಧಿಯ ಮೇಲಿನ ಆಲವನ್ನು ನೆಟ್ಟವನು ಗೆಳೆಯ ಬಿಚ್ಚುಗತ್ತಿ ಚೆನ್ನಬಸಪ್ಪನೆಂದು ಪ್ರತೀತಿ. ಆ ಮರಕ್ಕೆ ಕೈಮುಗಿದು ನಾನು ಊರೊಳಗೆ ನಡೆದೆನು. ನನಗೆ ಬೇಕಾಗಿದ್ದುದು ಒಂದು ವಿಡಿಯೋ ಕ್ಯಾಸೆಟ್ಟು!

ವಾಚಕರು ನಗಬಾರದು. ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ 1961ರಲ್ಲಿ ತೆರೆ ಕಂಡಿತು, ರಾಣಿಯಾದವರು ಬಿ. ಸರೋಜಾದೇವಿ. ಚಿತ್ರವೇನೋ ಉಳಿದಿದೆ, ಇಂದು ಅಂಗೈಯ ಫೋನಿನಲ್ಲೇ ನೋಡಬಹುದು. ಅಳಿಯುತ್ತಿರುವುದು ಬೇರೆ. 1981ರಲ್ಲಿ ಬೆಂಗಳೂರು ದೂರದರ್ಶನ ಆರಂಭವಾದ ಮೇಲೆ ಮನೆಮನೆಗೆ ಸಿನಿಮಾ ಬಂದ ಆ ಸಂಜೆಗಳು! ಉದ್ಘೋಷಕಿಯ ಮುನ್ನುಡಿ, ಸಾಬೂನಿನ ಜಾಹೀರಾತು, ಯುದ್ಧದ ನಡುವೆಯೇ ಮೂಡುವ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಫಲಕ—ಇವು ಚಿತ್ರದ ರೀಲಿನಲ್ಲಿಲ್ಲ. ಟೇಪು ದುಬಾರಿಯಾಗಿದ್ದಾಗ ಒಂದನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸುವುದು ಲೋಕದ ಪ್ರಸಾರ ಸಂಸ್ಥೆಗಳ ರೂಢಿಯಾಗಿದ್ದಿತು, ಬಿ.ಬಿ.ಸಿ. ಕೂಡ ತನ್ನ 1960ರ ದಶಕದ ಅನೇಕ ಕಾರ್ಯಕ್ರಮಗಳನ್ನು ಹೀಗೆ ಕಳೆದುಕೊಂಡಿತು. ಆದುದರಿಂದ ಮನೆಯ ವಿ.ಸಿ.ಆರ್.ನಲ್ಲಿ ಯಾರೋ ಹಿಡಿದಿಟ್ಟುದೇ ಎಷ್ಟೋ ವೇಳೆ ಉಳಿದ ಏಕೈಕ ಸಾಕ್ಷಿ.

ಅಂಥದೊಂದು ನಂದಗಡದ ನಿವೃತ್ತ ಶಿಕ್ಷಕರೊಬ್ಬರಲ್ಲಿದೆಯೆಂದು ನನ್ನ ವಿದ್ಯಾರ್ಥಿ ಹೇಳಿದ್ದನು. ಅವರು ಈಗಿಲ್ಲ. ಅವರ ಪತ್ನಿ ಅಟ್ಟದ ತಗಡಿನ ಪೆಟ್ಟಿಗೆಯನ್ನು ಇಳಿಸಿಕೊಟ್ಟರು. ಮೂರು ಗಂಟೆಯ ಕ್ಯಾಸೆಟ್ಟು. ಬೆನ್ನಿನ ಮೇಲೆ ಮಾಸಿದ ನೀಲಿ ಶಾಯಿಯಲ್ಲಿ ‘ಚೆನ್ನಮ್ಮ, ಭಾನುವಾರ’. ವರ್ಷವಿಲ್ಲ, ಭಾನುವಾರವೊಂದೇ ಸಾಕೆಂದು ಮೇಷ್ಟರಿಗೆ ತೋರಿರಬೇಕು. ಬೆಳಕಿಗೆ ಹಿಡಿದು ನೋಡಿದೆನು. ಖಾನಾಪುರದ ಮಳೆಗಾಲ ಸಾಮಾನ್ಯವೇ? ಸುರುಳಿಯ ಅಂಚಿನಲ್ಲಿ ಬೂಷ್ಟಿನ ಬಿಳಿಯ ಪುಡಿ. ಹೀಗೆಯೇ ಯಂತ್ರಕ್ಕೆ ತುರುಕಿದರೆ ಬೂಷ್ಟು ಹೆಡ್ಡಿಗೆ ಮೆತ್ತಿ ಟೇಪು ಹರಿದೀತು. ಮೊದಲು ಒಣಗಿಸಿ, ಶುಚಿಗೊಳಿಸಿ, ಆಮೇಲೆ ಬಲ್ಲವರ ಕೈಯಿಂದ ಡಿಜಿಟಲ್ ಪ್ರತಿ ತೆಗೆಸಬೇಕು.

ಇದನ್ನೆಲ್ಲ ವಿವರಿಸಿದ ಮೇಲೆ ಆ ತಾಯಿ ಒಂದು ಪ್ರಶ್ನೆ ಕೇಳಿದರು: “ಅಂದು ಪಡಸಾಲೆ ತುಂಬ ಹುಡುಗರು. ಇವರು ನಡುನಡುವೆ ಕಥೆ ಬಿಡಿಸಿ ಹೇಳುತ್ತಿದ್ದರು. ಆ ದನಿ ಇದರೊಳಗೆ ಬಂದಿದೆಯೇ?”

ಆ ಯಂತ್ರ ಹಿಡಿಯುವುದು ಆಂಟೆನಾದಿಂದ ಬಂದ ಸಂಕೇತವನ್ನು, ಕೋಣೆಯ ಮಾತನ್ನಲ್ಲ. ಇಲ್ಲವೆಂದು ಹೇಳಲೇಬೇಕಾಯಿತು.

ಅವರು ತುಸು ಹೊತ್ತು ಸುಮ್ಮನಿದ್ದರು. ಬಳಿಕ ಹಳೆಯ ಸೀರೆಯ ತುಂಡಿನಲ್ಲಿ ಕ್ಯಾಸೆಟ್ಟನ್ನು ಸುತ್ತಿಕೊಟ್ಟು, “ಪ್ರತಿ ನಿಮಗಿರಲಿ. ಇದನ್ನು ಮಾತ್ರ ತಪ್ಪದೆ ತಂದುಕೊಡಿ, ಅಕ್ಷರ ಅವರದು” ಎಂದರು.