ಡೈನಮೋ ಹಿಂದಿನ ಹಸಿರು

ಅಪ್ಪನ ಮಾರಿಸ್ ಮೈನರಿನ ಡೈನಮೋ ಕಳಚಿ, ಅದರ ಹಿಂದೆ ಹೆಪ್ಪುಗಟ್ಟಿದ್ದ ಗ್ರೀಸು ಮಣ್ಣನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದಾಗ, ಹೆಬ್ಬೆರಳ ಉಗುರಿನಷ್ಟು ಹಸಿರು ಕಾಣಿಸಿತು. ಉಳಿದ ಇಂಜಿನ್ನೆಲ್ಲ ಎಣ್ಣೆ ಕುಡಿದು, ಕಾವಿಗೆ ಬೆಂದು, ಹಳೇ ಒಲೆಯ ಬಣ್ಣಕ್ಕೆ ತಿರುಗಿತ್ತು. ಎಗ್ಸಾಸ್ಟ್ ಕಡೆ ಬಣ್ಣವೇ ಇಲ್ಲ, ಬರೀ ತುಕ್ಕು. ಈ ಉಗುರಗಲದ ಹಸಿರು ಮಾತ್ರ ಬಲಿತ ಕಾಫಿ ಎಲೆಗೆ ಚೂರು ಬೂದಿ ಉಜ್ಜಿದ ಹಾಗಿತ್ತು. ಇಂಗ್ಲೆಂಡಿನಿಂದ ಬಂದ ಅಸಲಿ ಬಣ್ಣ ಸಿಕ್ಕಿತೆಂದು ಹಿಗ್ಗಿದೆ.

ಆ ಕಾಲದ ಇಂಜಿನ್ನುಗಳು ಬೀಡು ಕಬ್ಬಿಣದವು, ಬಳಿಯದಿದ್ದರೆ ತುಕ್ಕು. ಬಳಿಯಲೇಬೇಕು ಅಂದಮೇಲೆ ಒಬ್ಬೊಬ್ಬರದು ಒಂದೊಂದು ಬಣ್ಣ. ನಮ್ಮದು 948 ಸಿಸಿಯ ಬಿಎಂಸಿ ಇಂಜಿನ್, ಅದಕ್ಕೆ ಹಸಿರು. ಅದೇ ಬಿಎಂಸಿ, ಮೊದಮೊದಲ ಎಂಜಿಬಿ ಕಾರಿಗೆ ಮರೂನ್ ಬಳಿಯಿತು. ಅತ್ತ ಅಮೆರಿಕದಲ್ಲಿ ಷೆವರ್ಲೆಗೆ ಕಿತ್ತಳೆ, 1966ರಿಂದ ಫೋರ್ಡಿಗೆ ನೀಲಿ. ಬಾನೆಟ್ ಎತ್ತಿದರೆ ಯಾರ ಮನೆಯ ಮಗು ಅಂತ ಗೊತ್ತಾಗುತ್ತಿತ್ತು. ಈಗ ಬಾನೆಟ್ ಎತ್ತಿದರೆ ಕಾಣುವುದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅದರಡಿ ಹೆಚ್ಚಾಗಿ ಅಲ್ಯೂಮಿನಿಯಂ. ಕಬ್ಬಿಣದ ಹಾಗೆ ತುಕ್ಕು ಹಿಡಿಯದು, ಬಣ್ಣವೂ ಬೇಡ.

ಬಣ್ಣ ಹೊಂದಿಸುವುದನ್ನು ನಾನು ಮೊದಲು ನೋಡಿದ್ದು ಹೈಸ್ಕೂಲಿನಲ್ಲಿದ್ದಾಗ, ಸಕಲೇಶಪುರದಲ್ಲಿ. ಇಂಜಿನ್ ಇಳಿಸಿ ಬೋರ್ ಮಾಡಿಸಿದ್ದರು. ಬಣ್ಣಕ್ಕೆ ಬಂದವರು ಒಬ್ಬರು ಸಾಬರು. ಊರಿನ ಲಾರಿಗಳ ಮೇಲೆ ಹುಲಿ, ನವಿಲು ಬರೆದ ಕೈ ಅದು. ಹಸಿರು ಬೇಕೆಂದರೆ ಹಸಿರು ಡಬ್ಬ ತೆಗೆಯಲೇ ಇಲ್ಲ. ತೆಂಗಿನ ಕರಟದಲ್ಲಿ ಹಳದಿ ಎನಾಮಲ್ ಸುರಿದು, ಕಡ್ಡಿ ತುದಿಯಿಂದ ಕಪ್ಪು ಬಿಡುತ್ತ ಹೋದರು. ಹಳದಿಗೆ ಕಪ್ಪು ಬಿದ್ದರೆ ಹಸಿರಾಗುತ್ತದೆಂದು ಡ್ರಾಯಿಂಗ್ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ! ಕಣ್ಣು ಬಿಟ್ಟುಕೊಂಡು ಕೂತಿದ್ದೆ. ಆಮೇಲೆ ಒಂದೇ ಒಂದು ಹನಿ ನೀಲಿ. ತಗಡಿನ ಚೂರಿಗೆ ಸವರಿ ಬಿಸಿಲಿಗಿಟ್ಟು ಬೀಡಿ ಹಚ್ಚಿದರು.

ಅಪ್ಪ ಅವಸರದವರು, ಬಗ್ಗಿ ನೋಡಿ "ತೆಳುವಾಯ್ತಲ್ಲ?" ಅಂದರು.

"ಹಸೀದ್ರಲ್ಲಿ ನೋಡ್ಬೇಡಿ ಡಾಕ್ಟ್ರೇ, ಒಣಗ್ಲಿ. ಇನ್ನೂ ಕಪ್ಪಾಗುತ್ತೆ."

ಒಣಗಿದ ಮೇಲೆ ತಗಡನ್ನು ಬಿಸಿಲಿನಲ್ಲಿ ನೋಡಲಿಲ್ಲ, ಜಗಲಿಯ ನೆರಳಿಗೆ ತಂದು ಇಂಜಿನ್ನಿನ ಪಕ್ಕ ಹಿಡಿದರು. ಅರ್ಧಕ್ಕೆ ಎಣ್ಣೆ ಸವರಿ ಮತ್ತೆ ಹಿಡಿದರು. ಇಂಜಿನ್ ಅಂದರೆ ಎಣ್ಣೆಯಾಗಲೇಬೇಕು, ಆಗ ಹೇಗೆ ಕಾಣುತ್ತದೋ ಅದೇ ಲೆಕ್ಕ ಎಂಬುದು ಅವರ ವಾದ. ಇಷ್ಟಾದರೂ "ಇದೇ ಅಸಲಿ ಬಣ್ಣವಾ?" ಎಂದು ಅಪ್ಪ ಕೇಳಿದ್ದಕ್ಕೆ ನಕ್ಕುಬಿಟ್ಟರು. "ಅಸಲಿ ಯಾರು ಕಂಡವ್ರೆ ಡಾಕ್ಟ್ರೇ? ನಾ ನೋಡಿದ್ದೇ ಹತ್ತು ವರ್ಷ ಓಡಿದ್ಮೇಲೆ."

ಈಗ ಬಣ್ಣದಂಗಡಿಗಳಲ್ಲಿ ಯಂತ್ರವಿದೆ. ಬಾಡಿಯ ಬಣ್ಣವಾದರೆ ಕೋಡ್ ಹೇಳಿದರೆ ಸಾಕು, ಇಲ್ಲವೇ ಯಂತ್ರವನ್ನು ಬಾಗಿಲಿಗೆ ಆನಿಸಿದರೂ ಲೆಕ್ಕ ಕೊಡುತ್ತದೆ. ಆದರೆ ಅದಕ್ಕೆ ನಯವಾದ ಚಪ್ಪಟೆ ಜಾಗ ಬೇಕು. ನನ್ನ ಹಸಿರೋ ತರಿತರಿ ಬೀಡಿನ ಮೇಲೆ, ಮೂಲೆಯಲ್ಲಿ. ಅಂಗಡಿಯ ಹುಡುಗ ಫೋನಿನಲ್ಲಿ ಫೋಟೋ ಕೇಳಿದ. ಕಳಿಸಿದೆ, ಅವನ ಪರದೆಯಲ್ಲಿ ಅದು ಪಾಚಿಯಾಗಿತ್ತು. ಕರಟದಲ್ಲಿ ಕಲಸಿಕೊಡುವವರು ಯಾರಾದರೂ ಇದ್ದಾರಾ ಎಂದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ವಿಚಾರಿಸಿದೆ. ಒಬ್ಬ ಹಿರಿಯರು ಮಾತ್ರ ತಲೆ ಎತ್ತಿ ನೋಡಿ, "ಇದ್ರು" ಅಂದರು.

ಕೊನೆಗೆ ಗ್ಯಾರೇಜಿನ ಹುಡುಗನೇ ವಿದೇಶದಿಂದ ಡಬ್ಬ ತರಿಸಿದ. ಮೈನರ್‌ಗೆಂದೇ ಮಾಡಿದ್ದಂತೆ. ತಗಡಿಗೆ ಹೊಡೆದು ಒಣಗಿಸಿ ಪಕ್ಕಕ್ಕೆ ಹಿಡಿದ. ಹೊಂದಲಿಲ್ಲ. ಡಬ್ಬದ್ದೇ ತಪ್ಪು ಎಂದೆ. ಅವನು ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು, ಬಗ್ಗಿ ನೋಡಿದ.

"ಡಬ್ಬ ಸರಿಯಾಗಿದೆ ಸಾರ್. ಒರಿಜಿನಲ್ ಅಲ್ಲದ್ದು ಇದು. ಕಾರ್ಖಾನೆದಾದ್ರೆ ಸ್ಪ್ರೇ ಇರ್ಬೇಕಿತ್ತು. ಇಲ್ನೋಡಿ, ಬ್ರಷ್ ಗೆರೆ."

ಕನ್ನಡಕ ಹಾಕಿಕೊಂಡು ನೋಡಿದೆ. ಕೂದಲೆಳೆಯಂಥ ನಾಲ್ಕು ಗೆರೆ, ಎಡದಿಂದ ಬಲಕ್ಕೆ. ಒಂದು ಕಡೆ ಬ್ರಷ್ಷಿನ ಕೂದಲೊಂದು ಬಣ್ಣದೊಳಗೇ ಅಂಟಿಕೊಂಡಿತ್ತು.

"ಕೆರೆದು ಹಾಕ್ಲಾ?"

"ಬೇಡ. ಟೇಪ್ ಹಾಕಿ ಬಿಡು" ಎಂದೆ. "ಉಳಿದಿದ್ದಕ್ಕೆ ನಿನ್ನ ಡಬ್ಬದ್ದೇ ಹೊಡಿ."

ಬಣ್ಣ ಹೊಡೆದು, ಒಣಗಿಸಿ, ಟೇಪ್ ಕಿತ್ತು, ಅದರ ಮುಂದೆ ಡೈನಮೋ ಕೂರಿಸಿ ಬೋಲ್ಟ್ ಬಿಗಿದ.