ನಾಕಾಣೆ ಬಾಕಿ

ಬಾಗಲಕೋಟೆಗೆ ಸಮುದ್ರವಿದೆ ಎಂದರೆ ನೀವು ನಗುತ್ತೀರಿ. ನಗಬೇಡಿ, ಸರಕಾರಿ ಕಾಗದ ನನ್ನ ಕಡೆಗಿದೆ. ಆಲಮಟ್ಟಿ ಅಣೆಕಟ್ಟೆಯ ಹಿಂದೆ ನಿಂತ ನೀರಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ ಎಂದು ಹೆಸರು. 1964ರಲ್ಲಿ ಅಡಿಗಲ್ಲು ಇಟ್ಟವರೂ ಶಾಸ್ತ್ರಿಯವರೇ. ಸಾಗರ ಇದ್ದಮೇಲೆ ದಂಡೆ ಇರಬೇಕು, ದಂಡೆ ಇದ್ದಮೇಲೆ ಅದು ಕರಾವಳಿ. ಅಂದಮೇಲೆ ನವನಗರದ ಸೆಕ್ಟರೊಂದರಲ್ಲಿ ಮನೆ ಕಟ್ಟಿಕೊಂಡಿರುವ ನಾನು ಕರಾವಳಿಯವ. ಈ ತರ್ಕವನ್ನು ಹೆಂಡತಿಯ ಮುಂದೆ ಇಟ್ಟೆ. ಆಕೆ ಕೊಡ ಹಿಡಿದು ನಿಂತಿದ್ದಳು. “ಹಂಗಾರ ಎರಡ ದಿನದಿಂದ ನಳಾ ಯಾಕ ಬಂದಿಲ್ರಿ?” ಎಂದಳು. ಕರಾವಳಿಯವರಿಗೂ ಕುಡಿಯುವ ನೀರಿನ ತ್ರಾಸು ಇರುತ್ತದೆಂದು ಹೇಳಬಹುದಿತ್ತು, ಹೇಳಲಿಲ್ಲ.

ನಮ್ಮ ಸಮುದ್ರದ ಸ್ವಭಾವ ಸ್ವಲ್ಪ ಬೇರೆ. ಉಳಿದವಕ್ಕೆ ದಿನಕ್ಕೆ ಎರಡು ಸಲ ಉಬ್ಬರ, ನಮ್ಮದಕ್ಕೆ ವರ್ಷಕ್ಕೊಂದೇ. ಮಹಾಬಳೇಶ್ವರದ ಕಡೆ ಮಳೆ ಜಡಿದರೆ ಇಲ್ಲಿ ಏರುತ್ತದೆ, ಬೇಸಿಗೆ ಬಂದರೆ ಇಳಿಯುತ್ತದೆ. ಉಬ್ಬರ ಎಲ್ಲಿಯವರೆಗೆ ಎಂದು ಅಲ್ಲಿ ಚಂದ್ರ ಹೇಳುತ್ತಾನೆ, ಇಲ್ಲಿ ನ್ಯಾಯಾಧೀಶರು ಹೇಳುತ್ತಾರೆ. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್ ಎಂದಿತು. 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 524.256 ಎಂದಿತು. ಆ ಚುಕ್ಕಿಯ ಮುಂದಿನ ಒಂದೊಂದು ಅಂಕಿಯೂ ಯಾರದೋ ಹಿತ್ತಲು, ಯಾರದೋ ದನದ ಕೊಟ್ಟಿಗೆ.

ಹಾಗೆ ಮುಳುಗುವ ಊರಿನಿಂದ ಎದ್ದು ಬಂದವರಿಗಾಗಿ ನವನಗರ ಆಯಿತು. ಇದರ ನಕ್ಷೆ ಬರೆದವರು ಚಾರ್ಲ್ಸ್ ಕೊರಿಯಾ. ಅವರು ನವಿ ಮುಂಬೈಯ ಯೋಜನೆಯಲ್ಲೂ ಇದ್ದವರು. ಸಮುದ್ರ ಅಲ್ಲಿಗೆ ಹೋಯಿತು, ಸೆಕ್ಟರು ನಮಗೂ ಬಂತು. ಹಳೇ ಊರಿನಲ್ಲಿ ನಮ್ಮ ಮನೆಯ ವಿಳಾಸವೆಂದರೆ “ಹಣಮಪ್ಪನ ಗುಡಿ ಹಿಂದ, ಬೇವಿನ ಗಿಡದ ಮುಂದ, ಯಾರನ್ನ ಕೇಳಿದ್ರೂ ಹೇಳತಾರ”. ಇಲ್ಲಿ ಸೆಕ್ಟರು, ಪ್ಲಾಟು, ನಂಬರು. ಯಾರನ್ನೂ ಕೇಳುವ ಅಗತ್ಯವಿಲ್ಲ. ಕೇಳಿದರೂ ಯಾರಿಗೂ ಗೊತ್ತಿಲ್ಲ. ಆದರೆ ಒಂದು ಮಾತು ಒಪ್ಪಬೇಕು. ರಸ್ತೆ ಅಗಲ, ನೆಲ ಸಪಾಟು, ಸೈಕಲ್ ಹೊಡೆಯಲು ಹೇಳಿ ಮಾಡಿಸಿದ ಊರು. ನಿವೃತ್ತಿ ಹತ್ತಿರ ಬಂದಾಗ ಡಾಕ್ಟರು ಸಕ್ಕರೆ ಬಿಡಿ ಎಂದರು, ನಾನು ಸೈಕಲ್ ಹಿಡಿದೆ.

ಸೈಕಲ್ಲಿಗೂ ನನಗೂ ಹಳೆಯ ಲೆಕ್ಕವೊಂದಿದೆ. ನಮ್ಮ ಓಣಿಯ ತುದಿಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇತ್ತು. ತಾಸಿಗೆ ಎಂಟಾಣೆ, ಅರ್ಧ ತಾಸಿಗೆ ನಾಕಾಣೆ. ಹಿಂದಿನ ಮಡ್‌ಗಾರ್ಡಿನ ಮೇಲೆ ಕೆಂಪು ಬಣ್ಣದಲ್ಲಿ ನಂಬರು. ನನಗೆ ಯಾವಾಗಲೂ ಏಳು ನಂಬರೇ ಸಿಗುತ್ತಿತ್ತು, ಯಾಕೆಂದರೆ ಬ್ರೇಕಿಲ್ಲದ ಅದನ್ನು ಬೇರೆಯವರು ಒಯ್ಯುತ್ತಿರಲಿಲ್ಲ. ಅಂಗಡಿಯ ಮಾಮಾ ಶಾಲೆಯ ಪಾಟಿಯಷ್ಟು ಅಗಲದ ವಹಿಯಲ್ಲಿ ಹೆಸರು ಬರೆದು, ಗಡಿಯಾರ ನೋಡಿ ವೇಳೆ ಹಾಕುತ್ತಿದ್ದ. ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದೆ. ಒಯ್ಯುವಾಗ ಆತ ತನ್ನ ಕೈಗಡಿಯಾರ ನೋಡುತ್ತಾನೆ, ತಂದಾಗ ಗೋಡೆಯದನ್ನು ನೋಡುತ್ತಾನೆ ಎಂಬುದು ನಮಗೆ ತಿಳಿಯುವ ಹೊತ್ತಿಗೆ ಅರ್ಧ ಬಾಲ್ಯ ಮುಗಿದಿತ್ತು. ಸೀಟು ಎಟುಕದ ಕಾಲದಲ್ಲಿ ಒಳಪೆಡಲ್ ಹೊಡೆಯುತ್ತ, ಘಟಪ್ರಭೆಯ ಕಡೆಗಿನ ಇಳುಕಲಿನಲ್ಲಿ ಚಪ್ಪಲಿಯನ್ನೇ ಬ್ರೇಕ್ ಮಾಡಿಕೊಂಡು ಇಳಿಯುತ್ತಿದ್ದೆವು. ಒಂದು ಸಂಜೆ ಅರ್ಧ ತಾಸು ತಡವಾಯಿತು. ಮಾಮಾ ಊಟಕ್ಕೆ ಹೋಗಿದ್ದ. ಏಳು ನಂಬರನ್ನು ಗೋಡೆಗೆ ಆನಿಸಿ ಓಡಿಬಂದೆ. ಆ ನಾಕಾಣೆ ಇನ್ನೂ ಬಾಕಿ.

ಈಗ ನನ್ನ ಸೈಕಲ್ಲಿಗೆ ಇಪ್ಪತ್ತೊಂದು ಗೇರು. ಬಳಸುವುದು ಮೂರು. ಮುಂಜಾನೆ ಐದೂವರೆಗೆ ಹೊರಟರೆ ಗದ್ದನಕೇರಿ ಕ್ರಾಸಿನಲ್ಲಿ ಚಹಾ. ಅಲ್ಲಿ ಹಾಯುವುದು ರಾಷ್ಟ್ರೀಯ ಹೆದ್ದಾರಿ 52. ಪಂಜಾಬಿನ ಸಂಗರೂರಿನಲ್ಲಿ ಹುಟ್ಟಿ, ಸೊಲ್ಲಾಪುರ, ವಿಜಯಪುರ ದಾಟಿ, ನಮ್ಮನ್ನು ಸವರಿಕೊಂಡು ಹೋಗಿ ಹುಬ್ಬಳ್ಳಿಯ ಮೇಲೆ ಅಂಕೋಲೆಯಲ್ಲಿ ಮುಗಿಯುತ್ತದೆ. ಅಂದರೆ ಆ ಕ್ರಾಸಿನಲ್ಲಿ ಎಡಕ್ಕೆ ಹೊರಳಿದರೆ ಅರಬ್ಬೀ ಸಮುದ್ರ, ಬಲಕ್ಕೆ ಹೊರಳಿದರೆ ಶಾಸ್ತ್ರಿ ಸಾಗರ. ಇಂಥ ಸವಲತ್ತಿನ ಚಹಾದಂಗಡಿ ಬೇರೆಲ್ಲಿದೆ?

ಚಹಾ ಕುಡಿಯುತ್ತ ನಿಂತಾಗ ಕ್ರೀಡಾ ವಸತಿ ನಿಲಯದ ಹುಡುಗಿಯರು ಸಾಲಾಗಿ ಹಾದುಹೋಗುತ್ತಾರೆ. ಒಬ್ಬರ ಹಿಂದಿನ ಚಕ್ರಕ್ಕೆ ಇನ್ನೊಬ್ಬರ ಮುಂದಿನ ಚಕ್ರ ಗೇಣು ದೂರ, ಹಿಂದೆ ಮೋಟಾರ್‌ಸೈಕಲ್ಲಿನ ಮೇಲೆ ಕೋಚು. ವಿಜಯಪುರ, ಬಾಗಲಕೋಟೆಯ ಮಕ್ಕಳು ದಶಕಗಳಿಂದ ದೇಶದ ರೋಡ್ ರೇಸುಗಳಲ್ಲಿ ಪದಕ ತರುತ್ತಿದ್ದಾರೆ. ನಮ್ಮ ಕಡೆ ಜಾತ್ರೆಯಲ್ಲೂ ಸೈಕಲ್ ಶರ್ಯತ್ತು ಇರುತ್ತದೆ. ಗುಟ್ಟು ಕೇಳಿದರೆ ನಾನು ಹೇಳುವುದು ಗಾಳಿ. ಆಷಾಢದಲ್ಲಿ ಪಡುವಣ ಗಾಳಿ ಎದೆಗೆ ಕೈಯಿಟ್ಟು ತಳ್ಳುತ್ತದೆ. ಅದರ ಎದುರು ಪೆಡಲ್ ತುಳಿದವರಿಗೆ ಬೇರೆ ಊರಿನ ಗುಡ್ಡ ಗುಡ್ಡವಲ್ಲ. ಒಮ್ಮೆ ಒಬ್ಬಳು ನನ್ನನ್ನು ದಾಟುತ್ತ, “ಕಾಕಾ, ಪಂಚರ್ ಆಗೇತೇನ್ರಿ?” ಎಂದು ಕಾಳಜಿಯಿಂದ ಕೇಳಿದಳು. ಆಗಿರಲಿಲ್ಲ. ನನ್ನ ವೇಗವೇ ಅದು.

ನಿಜವಾದ ಕರಾವಳಿಯ ಆಸೆ ಮಾತ್ರ ಬಿಡಲಿಲ್ಲ. ಒಂದು ಡಿಸೆಂಬರಿನಲ್ಲಿ ಗೆಳೆಯನೊಬ್ಬನ ಜೊತೆ ಎರಡು ಸೈಕಲ್ಲನ್ನು ಟೆಂಪೋಕ್ಕೆ ಹಾಕಿಕೊಂಡು ಅಂಕೋಲೆಗೆ ಹೋದೆ. ಅಲ್ಲಿಂದ ಹೆದ್ದಾರಿ 66 ಹಿಡಿದು ಕುಮಟಾ, ಹೊನ್ನಾವರ, ಭಟ್ಕಳ ದಾಟಿ ಮರವಂತೆಯವರೆಗೆ, ಸಮುದ್ರವನ್ನು ಬಲಗಡೆ ಇಟ್ಟುಕೊಂಡು ಹೋಗುವುದೆಂದು ಠರಾವು. ಸಮುದ್ರ ಬಲಗಡೆಯೇ ಇತ್ತು. ಕಾಣಲು ಮಾತ್ರ ಒಲ್ಲೆನೆಂದಿತು. ತೆಂಗು, ಗೇರು, ಗುಡ್ಡ ಕಡಿದ ಕೆಂಪು ಮಣ್ಣು, ಲಾರಿ. ಅದರಾಚೆ ಎಲ್ಲೋ ಉಪ್ಪಿನ ವಾಸನೆ. ಗಂಗಾವಳಿ, ಅಘನಾಶಿನಿ, ಶರಾವತಿಯ ಸೇತುವೆಗಳ ಮೇಲೆ ನಿಂತು ಇದೇ ಇರಬಹುದೆಂದು ಕಣ್ಣು ತುಂಬಿಕೊಂಡೆವು. ನಮ್ಮ ಬಿಸಿಲಿನಲ್ಲಿ ಬೆವರು ಹುಟ್ಟಿದಲ್ಲೇ ಒಣಗುತ್ತದೆ, ಅಲ್ಲಿ ಸಾಕ್ಸಿನವರೆಗೆ ಇಳಿಯುತ್ತದೆ. ಒಯ್ದ ಖಡಕ್ ರೊಟ್ಟಿ ಎರಡನೆಯ ದಿನಕ್ಕೆ ಚರ್ಮದ ಹಾಗೆ ಮಡಚತೊಡಗಿತು. ಆ ರೊಟ್ಟಿಯ ಅವಸ್ಥೆ ನೋಡಿ ನನಗೆ ನನ್ನದೇ ನೆನಪಾಯಿತು.

ಮರವಂತೆಯಲ್ಲಿ ಕೊನೆಗೂ ಬಂತು. ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಸೈಕಲ್ ನಿಲ್ಲಿಸಿ ಬಹಳ ಹೊತ್ತು ಸುಮ್ಮನೆ ನೋಡಿದೆವು. ಚೆಂದವೆಂದರೆ ಚೆಂದ. ಆದರೆ ನನಗೆ ನೆನಪುಳಿದದ್ದು ಕುಮಟೆಯ ಹತ್ತಿರದ ಚಹಾದಂಗಡಿ. ಅಲ್ಲಿ ಅಜ್ಜರೊಬ್ಬರು, “ಯಾವೂರಾಯ್ತು ನಿಮ್ದು?” ಎಂದು ಕೇಳಿದರು. ಬಾಗಲಕೋಟೆ ಎಂದೆ. “ಓ, ಮುಳುಗಿದ ಊರು ಅಲ್ದಾ?” ಎಂದರು. ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ನೀರು ನೋಡಲೆಂದು ಬಂದಿದ್ದೆ. ನೀರು ನನಗಿಂತ ಮೊದಲೇ ಬಂದು ನನ್ನ ಪರಿಚಯ ಹೇಳಿತ್ತು.

ಆಮೇಲಿನಿಂದ ಗದ್ದನಕೇರಿ ಕ್ರಾಸಿನಲ್ಲಿ ನಾನು ಬಲಕ್ಕೇ ಹೊರಳುತ್ತೇನೆ. ಅನಗವಾಡಿಯ ಸೇತುವೆಯ ಮೇಲೆ ಘಟಪ್ರಭೆ, ಇನ್ನೂ ಮುಂದೆ ಕೊರ್ತಿಯಿಂದ ಕೊಲ್ಹಾರದವರೆಗೆ ಕೃಷ್ಣೆಯ ಮೇಲೆ ಉದ್ದಕ್ಕೆ ಹಾಸಿದ ಸೇತುವೆ. ಅದರ ನಡುವೆ ನಿಂತರೆ ಎರಡೂ ಕಡೆ ನೀರು. ಮರವಂತೆಯವರು ಮಾತ್ರ ಹೆಮ್ಮೆ ಪಡಬೇಕಾಗಿಲ್ಲ. ನೀರು ಇಳಿದ ಕೆಸರಿನಲ್ಲಿ ರಾಜಹಂಸಗಳು ಒಂಟಿಕಾಲಿನಲ್ಲಿ ನಿಂತಿರುತ್ತವೆ. ಕೊಲ್ಹಾರವೂ ನಮ್ಮ ಹಾಗೆ ಮುಳುಗಿ ಮೇಲೆ ಬಂದ ಊರು. ಬರುವಾಗ ಅಲ್ಲಿಯವರು ಮರೆಯದೆ ತಂದದ್ದು ಗಡಿಗೆ ಮೊಸರು. ಗಡಿಗೆ ಬೋರಲು ಹಾಕಿದರೂ ಬೀಳದ ಮೊಸರು ಎಂದು ಮಾರುವವಳು ಹೇಳಿದಳು. ಹ್ಯಾಂಡಲ್ಲಿಗೆ ತೂಗು ಹಾಕಿಕೊಂಡು ಮನೆ ಮುಟ್ಟುವಾಗ ಅದು ಮಜ್ಜಿಗೆಯಾಗಿತ್ತು. ಹೆಂಡತಿ ಏನೂ ಅನ್ನದೆ ಒಗ್ಗರಣೆ ಹಾಕಿದಳು.

ಬೇಸಿಗೆ ಹತ್ತಿದರೆ ಹಾದಿ ಬದಲು. ಹಳೇ ಊರಿನ ಕಡೆಗೆ ಇಳಿದು, ನೀರು ಬಿಟ್ಟುಕೊಟ್ಟ ನೆಲದಲ್ಲಿ ಹಳೆಯ ರಸ್ತೆ ಹಿಡಿಯುತ್ತೇನೆ. ಡಾಂಬರಿನ ಮೇಲೆ ಒಣಗಿ ಸೀಳಿದ ರೇವೆ. ಎರಡೂ ಬದಿಗೆ ಮೊಣಕಾಲೆತ್ತರದ ಬುನಾದಿಗಳು, ಮನೆಯಿಲ್ಲದ ಹೊಸ್ತಿಲು, ಹಗ್ಗದ ಗುರುತು ಇನ್ನೂ ಅಳಿಯದ ಬಾವಿಕಟ್ಟೆ. ಅದೇ ಇಳುಕಲು. ಈಗ ನನ್ನ ಸೈಕಲ್ಲಿಗೆ ಎರಡೂ ಬ್ರೇಕು ಇವೆ. ಹಿಡಿಯುವುದಿಲ್ಲ, ಕಾಲನ್ನೇ ನೆಲಕ್ಕೆ ಸವರುತ್ತೇನೆ. ರಸ್ತೆ ಸೀದಾ ನೀರಿನೊಳಗೆ ಇಳಿದುಹೋಗುತ್ತದೆ, ತುದಿ ಕಾಣುವುದಿಲ್ಲ. ಅಂಗಡಿ ಇರಬೇಕಾದ ಜಾಗ ಅಲ್ಲಿಂದ ಇನ್ನೂ ಐವತ್ತು ಹೆಜ್ಜೆ ಒಳಗೆ.

ಹೋದ ವರ್ಷ ಹಾಗೆ ನಿಂತಿದ್ದಾಗ ಆಡು ಕಾಯುವ ಹುಡುಗನೊಬ್ಬ ಬಂದ. “ಕಾಕಾ, ಮುಂದ ದಾರಿ ಇಲ್ರಿ” ಎಂದ.

“ಗೊತ್ತೈತಪಾ. ಇಲ್ಲೊಬ್ರಿಗೆ ನಾಕಾಣೆ ಕೊಡೂದೈತಿ.”

ನಾಕಾಣೆ ಎಂದರೆ ಏನೆಂದು ಅವನಿಗೆ ಬಿಡಿಸಿ ಹೇಳಬೇಕಾಯಿತು. ಆ ನಾಣ್ಯದ ಚಲಾವಣೆ 2011ರ ಜೂನ್ 30ಕ್ಕೇ ನಿಂತಿದೆ, ಹುಡುಗ ಅದರ ನಂತರ ಹುಟ್ಟಿದವ. ಅಂಗಡಿ ಇಲ್ಲ, ನಾಣ್ಯ ಇಲ್ಲ, ಬಾಕಿ ಮಾತ್ರ ಗಟ್ಟಿಯಾಗಿದೆ. ಅವನು ನೀರು ನೋಡಿದ, ನನ್ನ ಹೆಲ್ಮೆಟ್ಟು ನೋಡಿದ, ಆಮೇಲೆ ದೊಡ್ಡವರಿಗೆ ಬುದ್ಧಿ ಹೇಳುವ ದನಿಯಲ್ಲಿ, “ಫೋನ್‌ಪೇ ಮಾಡ್ರಲ್ಲ” ಎಂದ.

“ಅಲ್ಲಿ ನೆಟ್‌ವರ್ಕ್ ಹತ್ತೂದಿಲ್ಲಪಾ” ಎಂದು ಸೈಕಲ್ ಹೊರಳಿಸಿದೆ. ಮುಂದೆ ಏರು. ಸಣ್ಣವನಿದ್ದಾಗ ಇಳಿದದ್ದಷ್ಟೇ ನೆನಪಿದೆ. ಈ ಏರು ಆಗಲೂ ಇತ್ತೇ ಎಂದು ಯೋಚಿಸುತ್ತ, ಆ ಇಪ್ಪತ್ತೊಂದರಲ್ಲಿ ಎಲ್ಲಕ್ಕಿಂತ ಸಣ್ಣ ಗೇರು ಹುಡುಕತೊಡಗಿದೆ.