ಒಂದು ಅಗುಳಿನ ಪರೀಕ್ಷೆ

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಪಾತ್ರೆಯನ್ನೆಲ್ಲ ಬರಿದು ಮಾಡಬೇಕಿಲ್ಲ, ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬುದು ಅಡುಗೆಮನೆಯ ಅನುಭವ. ಇದರ ಹಿಂದೆ ಸರಳವಾದ ವಿಜ್ಞಾನವೂ ಇದೆ. ಒಂದೇ ಅಕ್ಕಿ, ಒಂದೇ ನೀರು, ಒಂದೇ ಉರಿ. ಹಾಗಾಗಿ ಒಂದು ಅಗುಳಿಗೆ ಆದದ್ದು ಹೆಚ್ಚುಕಡಿಮೆ ಎಲ್ಲ ಅಗುಳಿಗೂ ಆಗಿರುತ್ತದೆ. ಆದರೆ ಇದೇ ಪರೀಕ್ಷೆಯನ್ನು ಹಾಡುಗಳ ಮೇಲೆ ಮಾಡಿದರೆ ಏನಾದೀತು? ಹೊಸದಾಗಿ ಬಿಡುಗಡೆಯಾದ ರಾಕ್, ಸೋಲ್, ಜಾಝ್, ರ‍್ಯಾಪ್ ಆಲ್ಬಂಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ನಾಲ್ಕಾರು ಸಾಲಿನ ಅಭಿಪ್ರಾಯಗಳು ಬಹುಮಟ್ಟಿಗೆ ಇಂಥ ಪರೀಕ್ಷೆಗಳೇ.

ಈ ಪುಟ್ಟ ವಿಮರ್ಶೆಗಳನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಕೇಳುಗನ ಜೇಬಿನಲ್ಲಿ ಒಂದೇ ಒಂದು ರೆಕಾರ್ಡಿಗಾಗುವಷ್ಟು ಹಣ, ಅಂಗಡಿಯಲ್ಲಿ ಸಾಲುಸಾಲು ರೆಕಾರ್ಡುಗಳು. ಯಾವುದನ್ನು ಕೊಳ್ಳಬೇಕು? ಈ ಪ್ರಶ್ನೆಗೆ ಉತ್ತರವಾಗಿಯೇ ಅಮೆರಿಕದ ರಾಬರ್ಟ್ ಕ್ರಿಸ್ಟ್‌ಗೌ 1969ರ ಜುಲೈನಲ್ಲಿ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ‘ಕನ್ಸ್ಯೂಮರ್ ಗೈಡ್’ ಎಂಬ ಅಂಕಣ ಆರಂಭಿಸಿದರು. ಒಂದೊಂದು ಆಲ್ಬಂಗೆ ಒಂದೊಂದು ಪುಟ್ಟ ಪ್ಯಾರಾ, ಜೊತೆಗೆ ಶಾಲೆಯ ಪ್ರಗತಿಪತ್ರದಲ್ಲಿರುವಂತೆ ಎ ಪ್ಲಸ್, ಬಿ, ಸಿ ಮೈನಸ್ ಎಂಬ ದರ್ಜೆ. ಸಾವಿರಾರು ಆಲ್ಬಂಗಳು ಈ ಪರೀಕ್ಷಕರ ಕೈಯಲ್ಲಿ ಹಾದುಹೋದವು.

ದರ್ಜೆ ಪಡೆದವರಿಗೆಲ್ಲ ಅದು ಹಿತವಾಗಿರಲಿಲ್ಲ. ರಾಕ್ ಗಾಯಕ ಲೂ ರೀಡ್ 1978ರಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲಿಂದಲೇ ಕ್ರಿಸ್ಟ್‌ಗೌ ಅವರಿಗೆ ಬೈಗುಳದ ಮಳೆ ಸುರಿಸಿದ. ಒಂದು ವರ್ಷವೆಲ್ಲ ದುಡಿದು ಮಾಡಿದ ಕೆಲಸಕ್ಕೆ ಯಾವನೋ ಒಬ್ಬ ಬಿ ಪ್ಲಸ್ ಕೊಡುವುದೆಂದರೇನು ಎಂಬುದು ಆತನ ಸಂಕಟ. ಆ ಬೈಗುಳ ‘ಟೇಕ್ ನೋ ಪ್ರಿಸನರ್ಸ್’ ಎಂಬ ಆಲ್ಬಂನಲ್ಲಿ ಹಾಗೆಯೇ ಉಳಿದಿದೆ. ಕ್ರಿಸ್ಟ್‌ಗೌ ಅದನ್ನೂ ಕೇಳಿ, ತನ್ನ ಹೆಸರನ್ನು ಸರಿಯಾಗಿ ಉಚ್ಚರಿಸಿದ್ದಕ್ಕೆ ವಂದನೆ ಹೇಳಿ, ಸಿ ಪ್ಲಸ್ ಕೊಟ್ಟರು! ಇಬ್ಬರ ಮಾತಿಗೂ ನಗು ಬರುತ್ತದೆ. ಆದರೆ ರೀಡ್ ಎತ್ತಿದ ಪ್ರಶ್ನೆ ನಗುವಿನಲ್ಲಿ ಮುಗಿಯುವಂಥದ್ದಲ್ಲ.

ಪ್ರಯೋಗಶಾಲೆಯಲ್ಲಿ ಯಾವುದೇ ಅಳತೆಗೆ ಮುನ್ನ ಉಪಕರಣ ಸರಿಯಾಗಿದೆಯೇ ಎಂದು ನೋಡಬೇಕೆಂಬುದು ಮೊದಲ ಪಾಠ. ಸಂಗೀತ ವಿಮರ್ಶೆಗೂ ಈ ಪಾಠ ಅನ್ವಯಿಸುತ್ತದೆ ಎನ್ನಲು 1967ರ ಒಂದು ನಿದರ್ಶನವಿದೆ. ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಆಲ್ಬಂ ಸುಮಾರು ಐದು ತಿಂಗಳ ದುಡಿಮೆಯ ಫಲ. ಜಗತ್ತೆಲ್ಲ ಅದನ್ನು ಕೊಂಡಾಡುತ್ತಿದ್ದಾಗ, ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಇನ್ನೂ ಇಪ್ಪತ್ತಮೂರು ತುಂಬದ ರಿಚರ್ಡ್ ಗೋಲ್ಡ್‌ಸ್ಟೀನ್ ಅದೊಂದು ಅತಿಯಾದ ಅಲಂಕಾರದ, ಟೊಳ್ಳಾದ ಕೃತಿ ಎಂಬರ್ಥದಲ್ಲಿ ಬರೆದರು. ಓದುಗರು ಸಿಟ್ಟಿಗೆದ್ದರು. ಎಷ್ಟೋ ವರ್ಷಗಳ ನಂತರ ಗೋಲ್ಡ್‌ಸ್ಟೀನ್ ಇನ್ನೊಂದು ಸಂಗತಿಯನ್ನು ಹೊರಗೆಡವಿದರು. ಆಗ ಅವರ ಸ್ಟೀರಿಯೊದ ಸ್ಪೀಕರುಗಳಲ್ಲಿ ಒಂದು ಕೆಟ್ಟಿತ್ತಂತೆ.

ಇದು ಬರಿಯ ನೆಪವೆಂದು ತಳ್ಳಿಹಾಕುವಂತಿಲ್ಲ. ಸ್ಟೀರಿಯೊ ರೆಕಾರ್ಡಿನ ಮೇಲಿನ ಸುರುಳಿ ಗೀರು ‘ವಿ’ ಆಕಾರದ್ದು. ಅದರ ಒಂದು ಗೋಡೆಯಲ್ಲಿ ಎಡಗಡೆಯ ಸದ್ದು, ಇನ್ನೊಂದು ಗೋಡೆಯಲ್ಲಿ ಬಲಗಡೆಯ ಸದ್ದು. ಮುಳ್ಳು ಎರಡೂ ಗೋಡೆಗಳ ಏರಿಳಿತವನ್ನು ಒಟ್ಟಿಗೆ ಓದುತ್ತದೆ. ಅಂದಿನ ದಿನಗಳಲ್ಲಿ ಹಾಡುವ ದನಿಯನ್ನು ಒಂದು ಬದಿಗೆ, ವಾದ್ಯಗಳನ್ನು ಇನ್ನೊಂದು ಬದಿಗೆ ಸರಿಸುವ ರೂಢಿಯೂ ಇತ್ತು. ಒಂದು ಸ್ಪೀಕರ್ ಮೌನವಾದರೆ ಕೇಳುಗನಿಗೆ ದಕ್ಕುವುದು ಅರ್ಧ ಹಾಡು. ಆದರೆ ಪತ್ರಿಕೆಯಲ್ಲಿ ಅಚ್ಚಾಗುವುದು ಇಡೀ ಆಲ್ಬಂ ಬಗೆಗಿನ ತೀರ್ಪು.

ಉಪಕರಣ ಸರಿಯಾಗಿದ್ದರೂ ಕಿವಿ ಸಿದ್ಧವಾಗಿರಬೇಕಲ್ಲ! ಲೆಡ್ ಝೆಪ್ಪೆಲಿನ್ ತಂಡದ ಮೊದಲ ಆಲ್ಬಂ 1969ರಲ್ಲಿ ಬಂದಾಗ ‘ರೋಲಿಂಗ್ ಸ್ಟೋನ್’ ಪತ್ರಿಕೆ ಅದನ್ನು ತೀರ ಸಾಧಾರಣವೆಂದು ಜರೆಯಿತು. ಮರುವರ್ಷ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂಗೂ ಅಲ್ಲಿ ಇದೇ ಉಪಚಾರ. ಅಲ್ಲಿಯವರೆಗೆ ಯಾರೂ ಅಷ್ಟು ಭಾರದ ಗಿಟಾರ್ ನಾದ ಕೇಳಿರಲಿಲ್ಲ. ಕೇಳದ್ದನ್ನು ಅಳೆಯಲು ಮಾನದಂಡವೇ ಇರಲಿಲ್ಲ. 2003ರಲ್ಲಿ ಅದೇ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಂಗಳ ಪಟ್ಟಿ ಮಾಡಿದಾಗ, ತಾನೇ ಜರೆದಿದ್ದ ಝೆಪ್ಪೆಲಿನ್ ಆಲ್ಬಂಗೆ 29ನೆಯ ಸ್ಥಾನ ಕೊಟ್ಟಿತು. ಮೊದಲ ಸ್ಥಾನ ‘ಸಾರ್ಜೆಂಟ್ ಪೆಪ್ಪರ್’ಗೆ. 2020ರಲ್ಲಿ ಪಟ್ಟಿಯನ್ನು ಹೊಸದಾಗಿ ಮಾಡಿದಾಗ ಆ ಮೊದಲ ಸ್ಥಾನ ಮಾರ್ವಿನ್ ಗೇ ಅವರ 1971ರ ಸೋಲ್ ಆಲ್ಬಂ ‘ವಾಟ್ಸ್ ಗೋಯಿಂಗ್ ಆನ್’ಗೆ ಹೋಗಿ, ‘ಪೆಪ್ಪರ್’ 24ಕ್ಕೆ ಇಳಿಯಿತು. ರೆಕಾರ್ಡಿನ ಗೀರುಗಳು ಇದ್ದಂತೆಯೇ ಇವೆ. ಬದಲಾದದ್ದು ಕೇಳುವವರು.

ದರ್ಜೆಗಳ ಕಾಲ ಹೋಗಿ ದಶಮಾಂಶಗಳ ಕಾಲ ಬಂತು. 1990ರ ದಶಕದಲ್ಲಿ ಹುಟ್ಟಿದ ‘ಪಿಚ್‌ಫೋರ್ಕ್’ ಎಂಬ ಅಂತರ್ಜಾಲ ಪತ್ರಿಕೆ ಆಲ್ಬಂಗಳಿಗೆ 0.0ಯಿಂದ 10.0ರವರೆಗೆ ಅಂಕ ಕೊಡತೊಡಗಿತು. ಅಂದರೆ ಒಟ್ಟು 101 ಮೆಟ್ಟಿಲು! ಉಪಕರಣವೊಂದು ಗುರುತಿಸಬಲ್ಲ ಅತಿ ಚಿಕ್ಕ ಅಳತೆಗಿಂತ ಸೂಕ್ಷ್ಮವಾದ ಉತ್ತರ ಬರೆಯಬಾರದೆಂದು ಹೈಸ್ಕೂಲಿನ ಮಕ್ಕಳಿಗೂ ಕಲಿಸುತ್ತಾರೆ. ಮಿಲಿಮೀಟರಿನ ಅಳತೆಪಟ್ಟಿ ಹಿಡಿದು ಕೂದಲಿನ ದಪ್ಪ ಹೇಳಲಾಗದು. ಒಬ್ಬ ಮನುಷ್ಯನ ಒಂದು ದಿನದ ಮನಸ್ಸು 7.3ಕ್ಕೂ 7.4ಕ್ಕೂ ಇರುವ ಅಂತರವನ್ನು ಅಳೆಯಬಲ್ಲುದೆ?

ಈ ಅಂಕಗಳು ಬರಿಯ ಆಟವಾಗಿದ್ದರೆ ಚಿಂತೆಯಿರಲಿಲ್ಲ. ವಾಷಿಂಗ್ಟನ್ನಿನ ಗಾಯಕ ಟ್ರಾವಿಸ್ ಮಾರಿಸನ್ 2004ರಲ್ಲಿ ತನ್ನ ಮೊದಲ ಸ್ವತಂತ್ರ ಆಲ್ಬಂ ‘ಟ್ರಾವಿಸ್ಟನ್’ ಹೊರತಂದಾಗ ಪಿಚ್‌ಫೋರ್ಕ್ ಕೊಟ್ಟ ಅಂಕ 0.0. ಟೆಕ್ಸಸ್ಸಿನ ಅಂಗಡಿಯೊಂದು ಆಲ್ಬಂ ಇಟ್ಟುಕೊಳ್ಳಲು ಮೊದಲು ಒಪ್ಪಲೇ ಇಲ್ಲ. ಹಾಡುಗಳನ್ನು ಕೇಳಿ ಬೇಡವೆಂದವರಿಗಿಂತ ಸೊನ್ನೆಯನ್ನು ನೋಡಿ ಬೇಡವೆಂದವರೇ ಹೆಚ್ಚಿರಬೇಕು. 2009ರಲ್ಲಿ ಮಾರಿಸನ್ ಸಂಗೀತದಿಂದ ನಿವೃತ್ತನಾಗುವುದಾಗಿ ಹೇಳಿದ. 2011ರಲ್ಲಿ ಹಳೆಯ ಗೆಳೆಯರ ತಂಡ ಮತ್ತೆ ಕೂಡಿದಾಗ ವೇದಿಕೆಗೇನೋ ಮರಳಿದ. ಆದರೆ ನಡುವೆ ಕಳೆದುಹೋದ ವರ್ಷಗಳನ್ನು ಯಾರು ತುಂಬಿಕೊಡುತ್ತಾರೆ?

ಗಾಯಕಿ ಲಿಝ್ ಫೇರ್ ಅವರ 2003ರ ಆಲ್ಬಂಗೂ ಅಲ್ಲಿ ಇಂಥದೇ ಸೊನ್ನೆ ಸಿಕ್ಕಿತ್ತು. ಹದಿನಾರು ವರ್ಷಗಳ ನಂತರ ಆ ವಿಮರ್ಶಕ ತನ್ನ ಅಂದಿನ ಧೋರಣೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದ. 2021ರಲ್ಲಿ ಪಿಚ್‌ಫೋರ್ಕ್ ತನ್ನ ಕೆಲವು ಹಳೆಯ ಅಂಕಗಳನ್ನು ತಿದ್ದಿದಾಗ ಆ ಸೊನ್ನೆ 6.0 ಆಯಿತು. ಪರೀಕ್ಷೆ ಬರೆದು ಹದಿನೆಂಟು ವರ್ಷಗಳ ಮೇಲೆ ಮರುಮೌಲ್ಯಮಾಪನದಲ್ಲಿ ಪ್ರಥಮ ದರ್ಜೆ! ಯಾವ ವಿದ್ಯಾರ್ಥಿ ಅಷ್ಟು ದಿನ ಕಾಯುತ್ತಾನೆ?

ಹಾಗೆಂದು ಅವಸರದ ಮಾತೆಲ್ಲ ಸುಳ್ಳಾಗುತ್ತದೆ ಎನ್ನಬಾರದು. ನ್ಯೂಯಾರ್ಕಿನ ಯುವಕ ನಾಸ್ 1994ರಲ್ಲಿ ‘ಇಲ್ಮ್ಯಾಟಿಕ್’ ಎಂಬ ರ‍್ಯಾಪ್ ಆಲ್ಬಂ ತಂದಾಗ, ‘ದಿ ಸೋರ್ಸ್’ ಪತ್ರಿಕೆಯಲ್ಲಿ ಕೆಲಸ ಕಲಿಯಲು ಸೇರಿದ್ದ ತರುಣಿಯೊಬ್ಬಳು ಅದಕ್ಕೆ ಐದಕ್ಕೆ ಐದು ಕೊಡಿಸಿದಳು. ಆ ಪತ್ರಿಕೆ ನಕ್ಷತ್ರಗಳ ಬದಲು ಮೈಕುಗಳನ್ನು ಕೊಡುತ್ತಿತ್ತು, ಅದೂ ಐದು ಮೈಕು ಬಲು ಅಪರೂಪ. ಇಂದು ಆ ಆಲ್ಬಂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಲು ಆರಿಸಿಕೊಂಡ ಧ್ವನಿಮುದ್ರಿಕೆಗಳ ಸಾಲಿನಲ್ಲಿದೆ. ಆಕೆಗೆ ಆ ಸಂಗೀತ ಪರಕೀಯವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ತನ್ನ ಓಣಿಯ ಮಾತನ್ನು ಅರ್ಥ ಮಾಡಿಕೊಳ್ಳಲು ಯಾರಿಗೂ ನಿಘಂಟು ಬೇಕಿಲ್ಲ.

ಕಟುಮಾತಿನ ಈ ದೋಷಕ್ಕೆ ತದ್ವಿರುದ್ಧವಾದ ದೋಷವೂ ಒಂದಿದೆ. ಕ್ಯಾಸೆಟ್ಟುಗಳ ಕಾಲದಲ್ಲಿ ಕನ್ನಡ ಪತ್ರಿಕೆಗಳಲ್ಲಿ ಬರುತ್ತಿದ್ದ ಧ್ವನಿಸುರುಳಿ ಪರಿಚಯಗಳನ್ನು ನೆನೆದರೆ ಸಾಕು. ಸಾಹಿತ್ಯ ಅರ್ಥಪೂರ್ಣ, ಸಂಗೀತ ಸುಮಧುರ, ಗಾಯನ ಭಾವಪೂರ್ಣ, ಎಲ್ಲರೂ ಕೇಳಲೇಬೇಕಾದ ಧ್ವನಿಸುರುಳಿ. ಭಾವಗೀತೆಯಾಗಲಿ, ಭಕ್ತಿಗೀತೆಯಾಗಲಿ, ಜಾನಪದವಾಗಲಿ, ಅಲ್ಲಿ ನಪಾಸಾದವರು ವಿರಳ. ಯಾರ ಮನಸ್ಸನ್ನೂ ನೋಯಿಸದ ಈ ಮಾತು ಯಾರ ಉಪಯೋಗಕ್ಕೂ ಬರುತ್ತಿರಲಿಲ್ಲ. ಎಲ್ಲರಿಗೂ ನೂರಕ್ಕೆ ನೂರು ಕೊಟ್ಟ ಪರೀಕ್ಷಕ ಉತ್ತರಪತ್ರಿಕೆಗಳನ್ನು ಓದಿದ್ದಾನೆಂದು ನಂಬುವುದು ಹೇಗೆ?

ಹಾಗಾದರೆ ನಾಲ್ಕು ಸಾಲಿನಲ್ಲಿ ನ್ಯಾಯ ಸಲ್ಲಿಸುವುದು ಸಾಧ್ಯವೆ? ಸಾಧ್ಯ, ತೀರ್ಪಿಗಿಂತ ವರದಿಗೆ ಹೆಚ್ಚು ಜಾಗ ಕೊಟ್ಟರೆ. ಗಾಯಕನ ದನಿ ಎಲ್ಲಿ ನಡುಗುತ್ತದೆ, ಡ್ರಮ್ಮಿನ ಪೆಟ್ಟು ಎಲ್ಲಿ ಹಾಡನ್ನು ನುಂಗುತ್ತದೆ, ಯಾವ ಹಾಡು ಎರಡನೆಯ ಸಲಕ್ಕೆ ಕರೆಯುತ್ತದೆ ಎಂದು ಹೇಳಿದರೆ, ವಿಮರ್ಶಕನನ್ನು ಒಪ್ಪದ ಓದುಗನಿಗೂ ಪ್ರಯೋಜನವಿದೆ. ಬರಿಯ ಅಂಕ ಆ ಪ್ರಯೋಜನವನ್ನು ಕೊಡಲಾರದು.

ಓದುಗನ ಕಡೆಯಿಂದಲೂ ಒಂದಿಷ್ಟು ತಾಳ್ಮೆ ಬೇಕು. ಈಗ ಕೈಯಲ್ಲಿರುವ ಫೋನಿನಲ್ಲೇ ಯಾವ ಆಲ್ಬಂ ಬೇಕಾದರೂ ಕೇಳಬಹುದು. ಹಣದ ಕೊರತೆ ಇದ್ದ ಕಡೆ ಬಿಡುವಿನ ಕೊರತೆ ಬಂದಿದೆ, ಅಷ್ಟೆ. ಮೊದಲ ಅರ್ಧ ನಿಮಿಷದಲ್ಲಿ ಹಿಡಿಸದ ಹಾಡನ್ನು ಬೆರಳು ದಾಟಿಸಿಬಿಡುತ್ತದೆ. ಪ್ರತಿಯೊಬ್ಬ ಕೇಳುಗನೂ ಅಗುಳು ಹಿಸುಕುವವನೇ ಆಗಿದ್ದಾನೆ. ಪ್ರಯೋಗದ ಪುಸ್ತಕದಲ್ಲಿ ಒಂದೇ ಅಳತೆ ಬರೆದು ಮುಗಿಸುವಂತಿಲ್ಲ. ಕನಿಷ್ಠ ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ವರ್ಷಗಟ್ಟಲೆ ದುಡಿದು ಮಾಡಿದ ನಲವತ್ತು ನಿಮಿಷಗಳ ಸಂಗೀತಕ್ಕೆ ಅಷ್ಟಾದರೂ ಸಲ್ಲಬೇಕು. ಎರಡು ಗಂಟೆಯ ಮಾತು, ಹೆಚ್ಚೇನಲ್ಲ.